ಆಸ್ಕರ್ಬಿ ರೋಡ್

ಹೆಸರಲ್ಲಿ ರೋಡ್ ಇದ್ದರೆ, ಅಪ್ಪ ಹೇಳುತ್ತಿದ್ದ,
ಊರು ಅಲ್ಲಿಂದ ಎರಡು ಮೈಲಿ ಎಂದು ತಿಳಿ.
ರೈಲ್ವೆಯವರು ಸುಳ್ಳು ಹೇಳುವುದಿಲ್ಲ,
ನಿಜವನ್ನು ಕೊಂಚ ದೂರದಲ್ಲಿ ಇಳಿಸುತ್ತಾರೆ, ಅಷ್ಟೆ.

ಈಗ ಇದು ಯಾರದೋ ಮನೆ.
ಇಮೋಜನ್ ಎಂಬಾಕೆ ಬಾಗಿಲು ತೆರೆದು ಬನ್ನಿ ಬನ್ನಿ ಎಂದಳು.
ಟಿಕೆಟ್ ಕಿಟಕಿಯ ಕಟ್ಟೆಯ ಮೇಲೆ ಪುದೀನದ ಕುಂಡ,
ವೇಯ್ಟಿಂಗ್ ರೂಮಿನಲ್ಲಿ ಒಲೆ,
ಹಳಿಯಿದ್ದಲ್ಲಿ ಹುಲ್ಲು, ಹುಲ್ಲಿನ ಮೇಲೆ
ಮಕ್ಕಳು ಎಗರುವ ಟ್ರಾಂಪೊಲಿನ್.
ಇದನ್ನೆಲ್ಲ ನೋಡಿ ಬೇಸರವಾಯಿತೇನೋ, ಎಂದಳು.
ಇಲ್ಲಮ್ಮ, ಎಂದೆ.
ಎಗರುವ ಮಗುವಿನ ತಲೆ
ಸರಿಯಾಗಿ ಮೊದಲ ದರ್ಜೆಯ ಕಿಟಕಿಯೆತ್ತರಕ್ಕೆ
ಬಂದು ಬಂದು ಹೋಗುತ್ತಿತ್ತು.

ಎಲ್ಲರೂ ಹೊಗೆಯ ಮಾತಾಡುತ್ತಾರೆ.
ಹೊಗೆ, ಒಗೆದ ಬಟ್ಟೆಯ ಶತ್ರು;
ಬೆಂಡಲ್ ಮನೆಯ ಅಕ್ಕತಂಗಿಯರು
ಎಂಟೂ ನಲವತ್ತರ ಗಾಡಿಗೆ ಹಾಕುತ್ತಿದ್ದ ಶಾಪ
ನನ್ನ ಕಿವಿಯಲ್ಲಿನ್ನೂ ಆರಿಲ್ಲ.
ನನಗೆ ನೆನಪಿರುವುದು ಪಾರಿವಾಳ.
ಡರ್ಹಮ್ಮಿನ ಗಣಿಯವರು ಕಳಿಸಿದ ಬೆತ್ತದ ಬುಟ್ಟಿಗಳು,
ಶನಿವಾರದ ಚಳಿ;
ಪೋರ್ಟರ್ ವಿಲ್ಫ್ ಗಾರ್ಬಟ್ ಗಡಿಯಾರ ನೋಡಿ, ಮೀಸೆ ಒರೆಸಿ,
ಮುಚ್ಚಳದ ಪಟ್ಟಿ ಬಿಚ್ಚಿ,
ಬಿಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದು
ಖಾಲಿ ಬುಟ್ಟಿಯನ್ನು ಮುಂದಿನ ಗಾಡಿಗೆ ಹಾಕುತ್ತಿದ್ದ.
ಬುಟ್ಟಿ ಊರು ಮುಟ್ಟುವ ಮೊದಲೇ ಹಕ್ಕಿ ಮುಟ್ಟಿರುತ್ತಿತ್ತು,
ಟಿಕೆಟ್ಟಿಲ್ಲದೆ.

ಇನ್ನೊಂದು, ಗಂಟೆ.

ಮೂರು ಬಡಿತ, ಬಿಡುವು, ಮತ್ತೊಂದು ಬಡಿತ:
ಪ್ಯಾಸೆಂಜರ್ ಬರಲಿದೆ, ದಾರಿ ಇದೆಯೆ?
ಇದೆ ಎನ್ನಲು ಅದನ್ನೇ ತಿರುಗಿ ಬಡಿಯಬೇಕು.
ಆ ಭಾಷೆಯಲ್ಲಿ ಹೌದು ಎಂಬ ಪದವಿಲ್ಲ,
ಕೇಳಿದ್ದನ್ನು ಕೇಳಿದ ಹಾಗೇ ಮರಳಿಸಿದರೆ
ಅದೇ ಹೌದು.

ಯುದ್ಧದ ನಾಲ್ಕನೆಯ ವರ್ಷ, ನಾಲ್ಕು ಮೈಲಿ ಆಚೆ
ಥ್ರಸ್ಕಿನ್ ಲೇನಿನ ಸಿಗ್ನಲ್ ಕೋಣೆಗೆ
ಯಾರೋ ಹೊಸಬರು ಬಂದರೆಂದು
ಅಪ್ಪನಿಗೆ ಗೊತ್ತಾದದ್ದು ಆ ಬಿಡುವಿನಿಂದ.
ಮುದುಕ ಟಾಪ್ಲಿಸ್ ಬಡಿದರೆ, ಸಾಲ ಕೊಟ್ಟವನು ಬಾಗಿಲು ತಟ್ಟಿದಂತೆ.
ಇದು ಹಾಗಲ್ಲ.
ಮೂರಾದ ಮೇಲೆ ಉಸಿರು ಹಿಡಿದು,
ಏನೋ ಯೋಚಿಸಿ,
ಆಮೇಲೆ ಒಂದು.

ಹನ್ನೊಂದು ತಿಂಗಳು.
ಗೋಡೆಯಲ್ಲಿ ಫೋನಿತ್ತು;
ಮಂಜು ಕವಿದಿದೆ, ಎಂಬುದರಾಚೆಗೆ
ಅಪ್ಪನಿಗೆ ಮಾತು ಹೊರಡಲಿಲ್ಲ.
ಒಂದು ಭಾನುವಾರ ಸೈಕಲ್ ಏರಿ ಹೋದ,
ಪತ್ರಿಕೆಯಲ್ಲಿ ಸುತ್ತಿದ ರೂಬಾರ್ಬ್ ದಂಟಿನ ಕಟ್ಟು ಹಿಡಿದು.
ಅವಳು ಮೆಟ್ಟಿಲ ಮೇಲಿಂದ ನೋಡಿ,
ಗಂಟೆ ಕೇಳಿ ಇನ್ನೂ ಎತ್ತರದವರು ಅಂದುಕೊಂಡಿದ್ದೆ, ಎಂದಳಂತೆ.
ನನ್ನಮ್ಮ, ಹೆಟ್ಟಿ.

ಅರವತ್ತನಾಲ್ಕರ ಜೂನಿನಲ್ಲಿ ಮುಚ್ಚಿದರು.
ಎಂದೂ ಗಾಡಿ ಹತ್ತದವರೆಲ್ಲ ಕ್ಯಾಮರಾ ಹಿಡಿದು ಬಂದರು;
ವಿಲ್ಫ್‌ನ ಬಳಿ ಚಿಲ್ಲರೆಯೇ ಮುಗಿಯಿತು.
ಕೆಂಪು ದೀಪ ತಿರುವಿನಲ್ಲಿ ಮರೆಯಾದ ಮೇಲೆ
ಅಪ್ಪ ಬಡಿದ: ಏಳು. ಐದು. ಐದು.
ಕೋಣೆ ಮುಚ್ಚಿದೆ ಎಂದು ಅದರರ್ಥ.
ಆಚೆ ಆಗ ಅಮ್ಮನಿರಲಿಲ್ಲ,
ಡೆನ್ಜಿಲ್ ಎಂಬ ಅವಸರದ ಹುಡುಗ;
ಏಳು ಬಡಿದು, ಐದೂ ಐದೂ ಕೂಡಿಸಿ
ಒಂದೇ ಉಸಿರಿಗೆ ಹತ್ತು ಹೊಡೆದ.
ಲೈನು ಕಿತ್ತ ಸರ್ಕಾರವನ್ನು ಅಪ್ಪ ಕ್ಷಮಿಸಿದ,
ಆ ಹತ್ತನ್ನು ಕ್ಷಮಿಸಲಿಲ್ಲ.

ಕೊನೆಕೊನೆಗೆ, ಮಹಡಿ ಇಳಿಯಲಾಗದ ಅಮ್ಮನಿಗೆ
ಚಹಾ ಒಯ್ಯುವಾಗ
ಮೆಟ್ಟಿಲ ಕಂಬಿಗೆ ಚಮಚದಿಂದ ಮೂರು, ಒಂದು.
ಮೇಲಿನಿಂದ, ಮಂಚದ ಕಬ್ಬಿಣಕ್ಕೆ ಉಂಗುರ ತಾಗಿ,
ಮೂರು.
ಮತ್ತೆ
ಒಂದು.
ಆಮೇಲೇ ಅಪ್ಪ ಮೆಟ್ಟಿಲಿಗೆ ಕಾಲಿಡುತ್ತಿದ್ದುದು.

ಇದನ್ನೆಲ್ಲ ಇಮೋಜನ್‌ಗೆ ಹೇಳಿದೆನೆಂದಲ್ಲ.
ಪಾರಿವಾಳದ್ದು ಹೇಳಿದೆ; ಅವಳು ನಕ್ಕಳು.
ಸಿಗ್ನಲ್ ಕೋಣೆ ಎಲ್ಲಿತ್ತು, ಎಂದಳು.
ಕಾರು ನಿಲ್ಲಿಸಿದ್ದೀರಲ್ಲ, ಅಲ್ಲೇ.
ಆಮೇಲೆ ನನಗೇ ಅರಿವಿಲ್ಲದೆ
ಕಪ್ಪಿನ ಅಂಚಿಗೆ ಚಮಚ ಮೂರು ಸಲ ತಾಗಿಸಿ
ಸುಮ್ಮನಾದೆ.
ಆ ಬಿಡುವು ಎಷ್ಟುದ್ದ ಎಂಬುದು
ನನ್ನ ಕೈಗೆ ಎಂದೂ ಬರಲಿಲ್ಲ.

ಸಕ್ಕರೆ ಬೇಕಿತ್ತಾ, ಎಂದಳು ಇಮೋಜನ್.